ಗೆದ್ದ ಕಾರು, ಫೋಟೋದಿಂದಾಚೆ ಉಳಿದ ಕೈಗಳು

ಕಾರ್ ರೇಸ್ ಎಂದರೆ ದುಡ್ಡಿದ್ದವರ ಶೋಕಿ, ಅದರ ಇತಿಹಾಸ ಕಟ್ಟಿಕೊಂಡು ನಮಗೇನಾಗಬೇಕು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಒಂದು ಯಂತ್ರವನ್ನು ಮೊದಲು ಕಲ್ಪಿಸಿದವರು ಯಾರು, ಅದನ್ನು ಬೆಸೆದು ಕಟ್ಟಿದವರು ಯಾರು, ಅದನ್ನು ಪರೀಕ್ಷಿಸುತ್ತಾ ಪ್ರಾಣ ಕಳೆದುಕೊಂಡವರು ಯಾರು, ಕೊನೆಗೆ ಅದರ ಮೇಲೆ ಉಳಿದ ಹೆಸರು ಯಾರದು ಎಂಬುದು ರೇಸ್ ಮೈದಾನಕ್ಕೆ ಸೀಮಿತವಾದ ಪ್ರಶ್ನೆಯಲ್ಲ. ಮನುಷ್ಯರು ಕೂಡಿ ದುಡಿದು ಕಟ್ಟಿದ ಎಲ್ಲದಕ್ಕೂ ಅದು ಅನ್ವಯಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ, ಫೋರ್ಡ್ ಕಂಪೆನಿಯ ಜಿಟಿ40 ಎಂಬ ಕಾರಿನ ಕಥೆ ನಾವು ಓದಬೇಕಾದ ಕಥೆ.

ಈ ಕಾರನ್ನು ಜಗತ್ತಿನ ಸಾಮಾನ್ಯ ಪ್ರೇಕ್ಷಕರಿಗೆ ಪರಿಚಯಿಸಿದ್ದು 2019ರಲ್ಲಿ ತೆರೆಕಂಡ 'ಫೋರ್ಡ್ ವರ್ಸಸ್ ಫೆರಾರಿ' ಎಂಬ ಹಾಲಿವುಡ್ ಚಿತ್ರ. ಜೇಮ್ಸ್ ಮ್ಯಾನ್‌ಗೋಲ್ಡ್ ನಿರ್ದೇಶನದ ಈ ಚಿತ್ರದಲ್ಲಿ ಚಾಲಕ ಕೆನ್ ಮೈಲ್ಸ್ ಆಗಿ ಕ್ರಿಶ್ಚಿಯನ್ ಬೇಲ್, ತಂಡ ಕಟ್ಟಿದ ಕ್ಯಾರೊಲ್ ಶೆಲ್ಬಿಯಾಗಿ ಮ್ಯಾಟ್ ಡೇಮನ್ ನಟಿಸಿದ್ದಾರೆ. ಸಂಕಲನಕ್ಕೂ ಧ್ವನಿ ಸಂಕಲನಕ್ಕೂ ಅದು ಆಸ್ಕರ್ ಪಡೆಯಿತು. ಇಂದು ಜಿಟಿ40ರ ಹೆಸರೆತ್ತಿದರೆ ಹೆಚ್ಚಿನವರಿಗೆ ನೆನಪಾಗುವುದು ಈ ಚಿತ್ರವೇ. ಹಾಗಿರುವಾಗ, ಚಿತ್ರ ಹೇಳುವ ಹುಟ್ಟಿನ ಕಥೆಗೂ ಕಾರಿನ ನಿಜವಾದ ಹುಟ್ಟಿಗೂ ಇರುವ ಅಂತರವನ್ನು ಅಳೆದು ನೋಡುವುದು ವಿಮರ್ಶೆಯ ಕೆಲಸವೆಂದು ನಾವು ಭಾವಿಸುತ್ತೇವೆ.

ಅಡಿಕೆಗೆ ಹೋದ ಮಾನ

ಫ್ರಾನ್ಸಿನ ಲೆ ಮಾನ್ಸ್ ಪಟ್ಟಣದಲ್ಲಿ 1923ರಿಂದ ಒಂದು ರೇಸ್ ನಡೆಯುತ್ತಾ ಬಂದಿದೆ. ಇಪ್ಪತ್ತನಾಲ್ಕು ಗಂಟೆಗಳ ಕಾಲ, ಹಗಲೂ ರಾತ್ರಿಯೂ, ಮಳೆ ಬಂದರೂ ಕಾರು ಓಡುತ್ತಿರಬೇಕು. 1960ರ ದಶಕದಲ್ಲಿ ಅಲ್ಲಿನ ಒಂದು ಸುತ್ತು ಹದಿಮೂರೂವರೆ ಕಿಲೋಮೀಟರ್‌ನಷ್ಟಿತ್ತು. ಅದರ ಬಹುಭಾಗ ಉಳಿದ ದಿನಗಳಲ್ಲಿ ಲಾರಿ, ಟ್ರ್ಯಾಕ್ಟರ್ ಓಡಾಡುವ ಸಾರ್ವಜನಿಕ ರಸ್ತೆಯೇ. ಅತಿ ವೇಗದ ಕಾರು ಗೆಲ್ಲುತ್ತದೆಂಬ ಖಾತ್ರಿ ಇಲ್ಲಿಲ್ಲ. ಕೆಡದೆ ಉಳಿದ ಕಾರು ಗೆಲ್ಲುತ್ತದೆ. 1960ರಿಂದ 1965ರವರೆಗೆ ಸತತ ಆರು ವರ್ಷ ಇಲ್ಲಿ ಗೆದ್ದದ್ದು ಇಟಲಿಯ ಫೆರಾರಿ.

ಅಮೆರಿಕದ ಕಾರು ಕಂಪೆನಿಗಳು ತಾವಾಗಿ ರೇಸಿಗೆ ಇಳಿಯುವುದಿಲ್ಲವೆಂದು 1957ರಲ್ಲಿ ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದವು. ಸ್ಥಾಪಕನ ಮೊಮ್ಮಗ, ಎರಡನೇ ಹೆನ್ರಿ ಫೋರ್ಡ್ 1962ರಲ್ಲಿ ಆ ಒಪ್ಪಂದದಿಂದ ಹೊರಬಂದರು. ಯುದ್ಧಾನಂತರ ಹುಟ್ಟಿದ ಪೀಳಿಗೆ ಕಾರು ಕೊಳ್ಳುವ ವಯಸ್ಸಿಗೆ ಬರುತ್ತಿತ್ತು. ಆ ಯುವಕರಿಗೆ ಬೇಕಾದದ್ದು ವೇಗ ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ರೇಸ್ ಕಾರು ಕಟ್ಟಲು ವರ್ಷಗಟ್ಟಲೆ ಬೇಕು. ಕಟ್ಟಿದವರನ್ನೇ ಕೊಂಡರೆ ಕೆಲಸ ಸುಲಭವಲ್ಲವೇ? 1963ರ ಮೊದಲ ತಿಂಗಳುಗಳಲ್ಲಿ ಫೆರಾರಿಯನ್ನು ಕೊಳ್ಳುವ ಮಾತುಕತೆ ಆರಂಭವಾಯಿತು. ಲೆಕ್ಕಿಗರೂ ವಕೀಲರೂ ಮರನೆಲ್ಲೊಗೆ ಹೋಗಿ ಕಂಪೆನಿಯ ಆಸ್ತಿಪಾಸ್ತಿಯನ್ನೆಲ್ಲ ಪಟ್ಟಿ ಮಾಡಿದರು. ಆದರೆ ರೇಸ್ ತಂಡದ ಖರ್ಚಿಗೆ ಡೆಟ್ರಾಯಿಟ್‌ನ ಒಪ್ಪಿಗೆ ಬೇಕೆಂಬ ಷರತ್ತು ಕಂಡೊಡನೆ ಎಂಝೋ ಫೆರಾರಿ ಮೇ ತಿಂಗಳಲ್ಲಿ ಮಾತುಕತೆ ಮುರಿದು ಎದ್ದು ನಡೆದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಹೆನ್ರಿ ಫೋರ್ಡ್ ಆನೆಯನ್ನೇ ಕೊಡಲು ತಯಾರಾದರು. ಲೆ ಮಾನ್ಸ್‌ನಲ್ಲಿ ಫೆರಾರಿಯನ್ನು ಸೋಲಿಸುವ ಕಾರು ಬೇಕು, ಅದೂ ಮುಂದಿನ ವರ್ಷವೇ.

ಚಿತ್ರ ಈ ಪ್ರಸಂಗವನ್ನು ರಂಜಕವಾಗಿ ತೋರಿಸುತ್ತದೆ. ಆದರೆ ಮೊದಲ ಸುಳ್ಳು ನುಸುಳುವುದೂ ಇಲ್ಲೇ. ಫೋರ್ಡ್‌ನ ಮಾತುಕತೆಯನ್ನು ಫೆರಾರಿ ಕೇವಲ ಗಾಳವಾಗಿ ಬಳಸಿ, ಅದೇ ಹೊತ್ತಿಗೆ ಫಿಯೆಟ್‌ಗೆ ತನ್ನನ್ನು ಮಾರಿಕೊಂಡಂತೆ ಚಿತ್ರದಲ್ಲಿದೆ. ಫಿಯೆಟ್ ಫೆರಾರಿಯ ಅರ್ಧ ಪಾಲನ್ನು ಕೊಂಡದ್ದು ಆರು ವರ್ಷಗಳ ನಂತರ, 1969ರಲ್ಲಿ. ಮರನೆಲ್ಲೊದಲ್ಲಿ ಮಾತುಕತೆಯ ಮುಂದಾಳುತನ ವಹಿಸಿದವರು ಡಾನ್ ಫ್ರೇ ಎಂಬ ಇಂಜಿನಿಯರ್. ಚಿತ್ರದಲ್ಲಿ ಆ ಜಾಗದಲ್ಲಿ ಕೂತಿರುವುದು ಹೆಚ್ಚು ಪರಿಚಿತ ಹೆಸರಾದ ಲೀ ಅಯಕೋಕಾ. ತನ್ನ ರೇಸ್ ತಂಡದ ಸ್ವಾತಂತ್ರ್ಯಕ್ಕಾಗಿ ಹಣವನ್ನು ಒದ್ದ ಒಬ್ಬ ಹಟಮಾರಿ ಮುದುಕನನ್ನು ಚಿತ್ರ ಕುತಂತ್ರಿ ವ್ಯಾಪಾರಿಯನ್ನಾಗಿ ಮಾಡಿದೆ. ಎದುರಾಳಿ ಕುತಂತ್ರಿಯಾದರೆ ತಾನೇ ಸೇಡಿಗೆ ನ್ಯಾಯದ ಬಣ್ಣ ಬರುವುದು!

ಕಾರು ಹುಟ್ಟಿದ್ದು ಎಲ್ಲಿ?

ಫೋರ್ಡ್‌ನ ಬಳಿ ಹಣವಿತ್ತು, ಇಂಜಿನ್ ಇತ್ತು. ಲೆ ಮಾನ್ಸ್‌ಗೆ ಬೇಕಾದಂಥ ಕಾರು ಕಟ್ಟಿದ ಅನುಭವ ಇರಲಿಲ್ಲ. ಆ ಅನುಭವವಿದ್ದದ್ದು ಇಂಗ್ಲೆಂಡಿನ ಸಣ್ಣ ಸಣ್ಣ ವರ್ಕ್‌ಶಾಪ್‌ಗಳಲ್ಲಿ. ಅವುಗಳಲ್ಲೊಂದು, ಲಂಡನ್ನಿನ ಅಂಚಿನ ಬ್ರಾಮ್ಲಿಯಲ್ಲಿದ್ದ ಲೋಲಾ. ಕಟ್ಟಡ ನಿರ್ಮಾಣದ ಕೆಲಸದ ಹಿನ್ನೆಲೆಯಿಂದ ಬಂದ ಎರಿಕ್ ಬ್ರಾಡ್ಲಿ 1958ರಲ್ಲಿ ಅದನ್ನು ಆರಂಭಿಸಿದ್ದರು. 1963ರ ಜನವರಿಯಲ್ಲಿ ಲಂಡನ್ನಿನ ರೇಸಿಂಗ್ ಕಾರ್ ಪ್ರದರ್ಶನದಲ್ಲಿ ಅವರು ತಮ್ಮ ಹೊಸ ಕಾರನ್ನಿಟ್ಟರು. ಹೆಸರು ಲೋಲಾ ಎಂಕೆ6 ಜಿಟಿ. ಫೆರಾರಿಯೊಂದಿಗಿನ ಮಾತುಕತೆ ಮುರಿಯುವುದಕ್ಕಿಂತ ನಾಲ್ಕು ತಿಂಗಳು ಮೊದಲಿನ ಸಂಗತಿ ಇದು ಎಂಬುದನ್ನು ಓದುಗರು ಗಮನಿಸಬೇಕು.

ಆ ಕಾರಿನಲ್ಲಿ ಏನಿತ್ತು? ಚಾಲಕನ ಬೆನ್ನ ಹಿಂದೆ ಅಮೆರಿಕನ್ ಫೋರ್ಡ್‌ನ ಎಂಟು ಸಿಲಿಂಡರ್ ಇಂಜಿನ್. ಕೊಳವೆಗಳ ಹಂದರ ಕಟ್ಟಿ ಮೇಲೆ ಹೊದಿಕೆ ಹಾಕುವ ಹಳೆಯ ಕ್ರಮದ ಬದಲು, ತಗಡಿನ ಪೆಟ್ಟಿಗೆಯೇ ಇಡೀ ಭಾರ ಹೊರುವ ರಚನೆ. ಚಾವಣಿಯೊಳಗೂ ಕತ್ತರಿಸಿ ಬರುವ ಬಾಗಿಲು. ನೆಲಕ್ಕೆ ಅಂಟಿದಂತಿರುವ ಮೈ. ಮುಂದೆ ಜಿಟಿ40 ಎಂದು ಲೋಕಕ್ಕೆ ಪರಿಚಯವಾದ ಕಾರಿನ ಮುಖ್ಯ ಲಕ್ಷಣಗಳೆಲ್ಲ ಅದರಲ್ಲಿದ್ದವು. ಅಂಥ ಕಾರುಗಳು ತಯಾರಾದದ್ದು ಮೂರೇ ಮೂರು. ಅವುಗಳಲ್ಲೊಂದು 1963ರ ಲೆ ಮಾನ್ಸ್‌ನಲ್ಲಿ ಓಡಿ, ಗೇರ್ ತೊಂದರೆಯಿಂದ ಬಳಲಿ, ಅಪಘಾತಕ್ಕೀಡಾಯಿತು.

ಫೋರ್ಡ್ ಬ್ರಾಡ್ಲಿಯೊಂದಿಗೆ ಒಪ್ಪಂದ ಮಾಡಿಕೊಂಡು ಆ ಕಾರುಗಳನ್ನೂ ಕೊಂಡಿತು. ಡೆಟ್ರಾಯಿಟ್ ಕಡೆಯಿಂದ ವಿನ್ಯಾಸದ ಹೊಣೆ ಹೊತ್ತವರು ರಾಯ್ ಲನ್. ಅವರೂ ಇಂಗ್ಲೆಂಡಿನವರೇ, 1958ರಲ್ಲಿ ಅಮೆರಿಕಕ್ಕೆ ವಲಸೆ ಹೋದವರು. ತಂಡ ನಡೆಸಲು ಬಂದವರು ಜಾನ್ ವೈಯರ್. ಆಸ್ಟನ್ ಮಾರ್ಟಿನ್ ಕಂಪೆನಿ 1959ರಲ್ಲಿ ಲೆ ಮಾನ್ಸ್ ಗೆದ್ದಾಗ ಅಲ್ಲಿ ಹೊಣೆಗಾರಿಕೆಯ ಸ್ಥಾನದಲ್ಲಿದ್ದವರು. ಆ ವರ್ಷ ಗೆದ್ದ ಇಬ್ಬರು ಚಾಲಕರಲ್ಲಿ ಒಬ್ಬರು ಇದೇ ಕ್ಯಾರೊಲ್ ಶೆಲ್ಬಿ! ಚಿತ್ರ ಶುರುವಾಗುವುದೇ ಆ 1959ರ ರೇಸಿನಿಂದ. ಆದರೆ ವೈಯರ್ ಎಂಬ ಮನುಷ್ಯ ಕಥೆಯಲ್ಲಿ ಬರುವುದೇ ಇಲ್ಲ.

ಲಂಡನ್ ಬಳಿಯ ಸ್ಲೌ ಎಂಬ ಕೈಗಾರಿಕಾ ಊರಿನಲ್ಲಿ ಕೆಲಸ ನಡೆಯಿತು. ಉಕ್ಕಿನ ಚಾಸಿಯನ್ನು ಬೆಸೆದು ಕೊಟ್ಟದ್ದು ಕೊವೆಂಟ್ರಿಯ ಅಬ್ಬೆ ಪ್ಯಾನೆಲ್ಸ್. ಬ್ರೇಕು ಇಂಗ್ಲೆಂಡಿನ ಗರ್ಲಿಂಗ್‌ನದು. ಇನ್ನೂ ತಮಾಷೆಯ ಸಂಗತಿಯೆಂದರೆ, ಫೆರಾರಿಯನ್ನು ಮಣ್ಣುಮುಕ್ಕಿಸಲೆಂದೇ ಹುಟ್ಟಿದ ಈ ಕಾರಿನ ಮೊದಲ ಗೇರ್‌ಬಾಕ್ಸ್ ಬಂದದ್ದು ಇಟಲಿಯ ಮೊಡೆನಾದಿಂದ, ಎಂಝೋ ಫೆರಾರಿ ಹುಟ್ಟಿದ ಊರಿನ ಕೊಲೊಟ್ಟಿ ಎಂಬವರ ವರ್ಕ್‌ಶಾಪಿನಿಂದ. ಚಕ್ರಗಳೂ ಇಟಲಿಯ ಬೊರಾನಿಯವು. ಎದುರಿನ ಗಾಜಿನ ಮಟ್ಟದಲ್ಲಿ ಕಾರಿನ ಎತ್ತರ ಸುಮಾರು 40 ಇಂಚು. ಹೆಸರಿನ '40' ಬಂದದ್ದು ಅಲ್ಲಿಂದ. ಮೊದಲ ಕಾರು 1964ರ ಏಪ್ರಿಲ್ ಮೊದಲ ವಾರದಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡಿತು. ಕೆಲಸ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಬ್ರಾಡ್ಲಿಗೆ ಈ ಸಹವಾಸ ಹಿಡಿಸಲಿಲ್ಲ. ಚಾಸಿ ಹಗುರವಾಗಿರಬೇಕೆಂದು ಅವರ ಹಟ. ಉಕ್ಕಿನದ್ದೇ ಆಗಬೇಕೆಂದು ಕಂಪೆನಿಯ ತೀರ್ಮಾನ. ಪ್ರತಿ ನಿರ್ಧಾರಕ್ಕೂ ಸಮಿತಿ, ಸಭೆ, ಸಹಿ. ಕೊನೆಗೆ ಅವರು ಒಪ್ಪಂದದಿಂದ ಬಿಡಿಸಿಕೊಂಡು ತಮ್ಮ ಲೋಲಾಕ್ಕೆ ಮರಳಿದರು. ಕಾರಿನ ಮೈಮೇಲೆ ಅವರ ಹೆಸರು ಉಳಿಯಲಿಲ್ಲ. ಎರಿಕ್ ಬ್ರಾಡ್ಲಿ, ರಾಯ್ ಲನ್ ಇಬ್ಬರೂ ತೀರಿಕೊಂಡದ್ದು 2017ರಲ್ಲಿ, ಚಿತ್ರ ಬರುವುದಕ್ಕೆ ಎರಡು ವರ್ಷ ಮೊದಲು. ಚಿತ್ರದಲ್ಲಿ ಲನ್ ಕ್ಷಣಕಾಲ ಸುಳಿದು ಹೋಗುತ್ತಾರೆ. ಬ್ರಾಡ್ಲಿ ಪಾತ್ರವೇ ಅಲ್ಲ. ಕಾರು ಇಂಗ್ಲೆಂಡಿನಿಂದ ಬಂತು ಎಂಬಷ್ಟನ್ನು ಚಿತ್ರ ಮುಚ್ಚಿಡುವುದಿಲ್ಲ. ಆದರೆ ಬಂದದ್ದು ಕೆಲಸಕ್ಕೆ ಬಾರದ ಗುಜರಿ, ಅದಕ್ಕೆ ಜೀವ ಕೊಟ್ಟವರು ಕ್ಯಾಲಿಫೋರ್ನಿಯಾದ ನಮ್ಮ ಇಬ್ಬರು ನಾಯಕರು ಎಂಬ ಭಾವನೆ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುತ್ತದೆ.

ಸೋತು ಕಲಿತ ಎರಡು ವರ್ಷ

ಗುಜರಿ ಎಂಬ ಮಾತು ಪೂರ್ತಿ ಸುಳ್ಳೂ ಅಲ್ಲ. 1964ರ ಏಪ್ರಿಲ್‌ನಲ್ಲಿ ಲೆ ಮಾನ್ಸ್‌ನ ಪರೀಕ್ಷಾ ಓಟಕ್ಕೆ ಹೋದ ಎರಡು ಕಾರುಗಳೂ ಅಪಘಾತಕ್ಕೀಡಾದವು. ವೇಗ ಹೆಚ್ಚಿದಂತೆ ಕಾರಿನ ಹಿಂಭಾಗ ನೆಲದ ಹಿಡಿತ ಬಿಟ್ಟು ಮೇಲೇಳುತ್ತಿತ್ತು. ಹಿಂತುದಿಯಲ್ಲಿ ಒಂದು ಸಣ್ಣ ತಗಡಿನ ಏಣು ಕೂರಿಸಿದ ಮೇಲೆ ಕಾರು ಹದಕ್ಕೆ ಬಂತು. ಕೋಟಿಗಟ್ಟಲೆ ಸುರಿದ ಯೋಜನೆಯ ಪ್ರಾಣ ಉಳಿಸಿದ್ದು ಅಂಗೈ ಅಗಲದ ತಗಡು! ಜೂನ್‌ನಲ್ಲಿ ನಡೆದ ನಿಜ ಸ್ಪರ್ಧೆಯಲ್ಲಿ ಮೂರು ಕಾರುಗಳು ಇಳಿದವು. ಒಂದು ಬೆಂಕಿಗೆ ಸಿಕ್ಕಿತು, ಎರಡಕ್ಕೆ ಗೇರ್‌ಬಾಕ್ಸ್ ಕೈಕೊಟ್ಟಿತು. ಫಿಲ್ ಹಿಲ್ ಸುತ್ತಿನ ದಾಖಲೆ ಬರೆದರು ಎಂಬುದಷ್ಟೇ ಸಮಾಧಾನ. ವೇಗವಿತ್ತು, ಬಾಳಿಕೆ ಇರಲಿಲ್ಲ.

ಆ ವರ್ಷದ ಕೊನೆಗೆ ಕಾರುಗಳನ್ನು ಲಾಸ್ ಏಂಜಲಿಸ್‌ನ ಶೆಲ್ಬಿ ತಂಡಕ್ಕೆ ಒಪ್ಪಿಸಲಾಯಿತು. ಕೆನ್ ಮೈಲ್ಸ್ ಮತ್ತು ಫಿಲ್ ರೆಮಿಂಗ್ಟನ್ ಅವುಗಳನ್ನು ಬಿಚ್ಚಿ, ತಿದ್ದಿ, ಓಡಿಸಿ, ಮತ್ತೆ ಬಿಚ್ಚಿದರು. ಎರಡೇ ತಿಂಗಳಲ್ಲಿ, 1965ರ ಫೆಬ್ರವರಿಯಲ್ಲಿ, ಡೇಟೋನಾದ ಎರಡು ಸಾವಿರ ಕಿಲೋಮೀಟರ್ ರೇಸಿನಲ್ಲಿ ಮೈಲ್ಸ್ ಮತ್ತು ಲಾಯ್ಡ್ ರೂಬಿ ಜೋಡಿ ಗೆದ್ದಿತು. ಜಿಟಿ40ರ ಮೊದಲ ಗೆಲುವು ಅದು. ಚಿತ್ರದಲ್ಲಿ ಈ ಗೆಲುವೇ ಇಲ್ಲ.

ಇನ್ನೂ ದೊಡ್ಡ ತಿರುಚುವಿಕೆ ಇದರ ಬೆನ್ನಿಗೇ ಬರುತ್ತದೆ. ಕಂಪೆನಿಯ ಅಧಿಕಾರಿ ಲಿಯೋ ಬೀಬಿಗೆ ಮೈಲ್ಸ್‌ರನ್ನು ಕಂಡರೆ ಆಗದು, ಆದುದರಿಂದ 1965ರ ಲೆ ಮಾನ್ಸ್‌ಗೆ ಮೈಲ್ಸ್‌ರನ್ನು ಕಳುಹಿಸದೆ ಗ್ಯಾರೇಜಿನಲ್ಲೇ ಕೂರಿಸಲಾಯಿತು, ಹಾಗಾಗಿಯೇ ಫೋರ್ಡ್ ಸೋತಿತು ಎಂದು ಚಿತ್ರ ನಂಬಿಸುತ್ತದೆ. ವಾಸ್ತವದಲ್ಲಿ ಆ ವರ್ಷ ಏಳು ಲೀಟರಿನ ದೈತ್ಯ ಇಂಜಿನ್ ಹೊತ್ತ ಹೊಸ ಮಾರ್ಕ್ ಟೂ ಕಾರನ್ನು ಬ್ರೂಸ್ ಮೆಕ್‌ಲಾರೆನ್ ಜೊತೆ ಓಡಿಸಿದವರು ಇದೇ ಕೆನ್ ಮೈಲ್ಸ್. ಕಣಕ್ಕಿಳಿದ ಆರು ಫೋರ್ಡ್‌ಗಳಲ್ಲಿ ಒಂದೂ ಕೊನೆ ಮುಟ್ಟಲಿಲ್ಲ. ನಾಯಕನಿದ್ದೂ ಕಾರು ಸೋತಿತು. ಯಾಕೆಂದರೆ ಕಾರು ಇನ್ನೂ ಪಕ್ವವಾಗಿರಲಿಲ್ಲ. ಇಷ್ಟು ಸರಳವಾದ ಸತ್ಯ ಚಿತ್ರಕ್ಕೆ ಬೇಡವಾಯಿತು. ಯಂತ್ರ ಸೋಲುವುದು ಅದರೊಳಗಿನ ದೋಷದಿಂದ, ಆ ದೋಷ ನೀಗುವುದು ಹತ್ತಾರು ಮಂದಿಯ ತಾಳ್ಮೆಯಿಂದ ಎಂದು ಹೇಳಲು ಹೋದರೆ ಖಳನಾಯಕನಿಗೆ ಜಾಗವೆಲ್ಲಿ?

ತಾಳ್ಮೆಯ ಆ ಕೆಲಸ ಹೇಗಿತ್ತೆಂದು ತಿಳಿಯುವುದು ಮುಖ್ಯ. ಡಿಯರ್‌ಬಾರ್ನ್‌ನ ಪ್ರಯೋಗಾಲಯದಲ್ಲಿ ಇಂಜಿನನ್ನು ಕಟ್ಟೆಯ ಮೇಲೆ ಕೂರಿಸಿ, ಲೆ ಮಾನ್ಸ್‌ನ ಸುತ್ತಿನಲ್ಲಿ ಎಲ್ಲಿ ವೇಗ ಹೆಚ್ಚುತ್ತದೆ, ಎಲ್ಲಿ ಗೇರು ಬದಲಾಗುತ್ತದೆ ಎಂಬುದನ್ನೆಲ್ಲ ಯಂತ್ರಕ್ಕೆ ಉಣಿಸಿ, ಇಡೀ ರೇಸನ್ನು ಒಂದು ಕೋಣೆಯೊಳಗೇ ಮತ್ತೆ ಮತ್ತೆ ಓಡಿಸಿದರು. ಇಂಜಿನ್ ಒಡೆದರೆ ಒಡೆದ ಭಾಗ ಯಾವುದೆಂದು ನೋಡಿ ಸರಿಪಡಿಸುವುದು, ಮತ್ತೆ ಓಡಿಸುವುದು. ಬ್ರೇಕಿನದ್ದು ಇನ್ನೂ ಕಷ್ಟದ ಸಮಸ್ಯೆ. ಆರು ಕಿಲೋಮೀಟರ್‌ಗೆ ಸಮೀಪದ ನೇರ ರಸ್ತೆಯಲ್ಲಿ ಗಂಟೆಗೆ 320 ಕಿಲೋಮೀಟರ್ ಮೀರಿದ ವೇಗದಲ್ಲಿ ಬರುವ ಒಂದು ಟನ್ನಿಗೂ ಹೆಚ್ಚು ತೂಕದ ಕಾರನ್ನು ಕಡಿದಾದ ತಿರುವಿಗೆ ತಗ್ಗಿಸಬೇಕು. ಬ್ರೇಕ್ ಡಿಸ್ಕ್ ಕೆಂಡದಂತಾಗುತ್ತದೆ. ಮರುಸುತ್ತಿನಲ್ಲಿ ಅದೇ ನೇರ ರಸ್ತೆಯ ಗಾಳಿಗೆ ತಣ್ಣಗಾಗುತ್ತದೆ, ಮತ್ತೆ ಕಾಯುತ್ತದೆ. ಮುನ್ನೂರಕ್ಕೂ ಹೆಚ್ಚು ಸುತ್ತು ಹೀಗೆಯೇ. ಯಾವ ಉಕ್ಕು ಬಿರುಕು ಬಿಡದೆ ಇದ್ದೀತು? ಬಿರುಕು ಬಿಡದ ಡಿಸ್ಕ್ ಮಾಡುವುದು ಆಗದ ಮಾತೆಂದು ಅರಿತ ರೆಮಿಂಗ್ಟನ್, ರೇಸಿನ ನಡುವೆಯೇ ಡಿಸ್ಕನ್ನು ಬೇಗನೆ ಬದಲಿಸುವ ಏರ್ಪಾಡು ಮಾಡಿಕೊಟ್ಟರು. ಈ ಒಂದು ಸಂಗತಿಯನ್ನು ಚಿತ್ರ ಸೊಗಸಾಗಿ ಹಿಡಿದಿದೆ ಎಂದು ನಾವು ಒಪ್ಪಿಕೊಳ್ಳಲೇಬೇಕು.

ಒಂದು ಫೋಟೋಗಾಗಿ

1966ರಲ್ಲಿ ಕಾರು ಪಕ್ವವಾಗಿತ್ತು. ಮೈಲ್ಸ್ ಮತ್ತು ರೂಬಿ ಡೇಟೋನಾದ 24 ಗಂಟೆಗಳ ರೇಸನ್ನೂ ಸೆಬ್ರಿಂಗ್‌ನ 12 ಗಂಟೆಗಳ ರೇಸನ್ನೂ ಗೆದ್ದರು. ಲೆ ಮಾನ್ಸ್ ಕೂಡ ಗೆದ್ದರೆ ಒಂದೇ ವರ್ಷ ಮೂರನ್ನೂ ಗೆದ್ದ ಮೊದಲಿಗರೆಂಬ ಕೀರ್ತಿ. ಆದರೆ ರೇಸಿಗೆ ಮುನ್ನ ಸಣ್ಣ ವಿಮಾನವೊಂದರ ಅಪಘಾತದಲ್ಲಿ ರೂಬಿಯ ಬೆನ್ನೆಲುಬು ಮುರಿಯಿತು. ಅವರ ಬದಲು ನ್ಯೂಝಿಲೆಂಡ್‌ನ ಡೆನ್ನಿ ಹಲ್ಮ್ ಬಂದರು. ಅಷ್ಟು ಗೆಲುವುಗಳಲ್ಲಿ ಸರಿಪಾಲು ಪಡೆದ ರೂಬಿಯನ್ನು ಚಿತ್ರದಲ್ಲಿ ಹುಡುಕಿದರೂ ಕಾಣುವುದು ಕಷ್ಟ.

ಜೂನ್ 18ರಂದು ಎರಡನೇ ಹೆನ್ರಿ ಫೋರ್ಡ್ ತಾವೇ ಬಾವುಟ ಬೀಸಿ ರೇಸ್ ಆರಂಭಿಸಿದರು. ಕಂಪೆನಿ ಇಳಿಸಿದ್ದ ಎಂಟು ಮಾರ್ಕ್ ಟೂ ಕಾರುಗಳಲ್ಲಿ ಐದು ದಾರಿಯಲ್ಲೇ ಉಳಿದವು. ಮರುದಿನ ಕೊನೆಯ ಗಂಟೆಗಳಲ್ಲಿ ಉಳಿದ ಮೂರೂ ಮುಂಚೂಣಿಯಲ್ಲಿದ್ದವು, ಮೈಲ್ಸ್ ಮೊದಲಲ್ಲಿದ್ದರು. ಮುಖ್ಯ ಫೆರಾರಿಗಳೆಲ್ಲ ಕಣ ಬಿಟ್ಟಾಗಿತ್ತು. ಆಗ ಕಂಪೆನಿಯಿಂದ ಸೂಚನೆ ಬಂತು: ಮೂರೂ ಕಾರುಗಳು ಒಟ್ಟಿಗೆ ಗೆರೆ ದಾಟಲಿ, ಒಳ್ಳೆಯ ಫೋಟೋ ಸಿಗುತ್ತದೆ. ಮೈಲ್ಸ್ ವೇಗ ತಗ್ಗಿಸಿದರು. ಜೊತೆಯಾಗಿ ಬಂದ ಕಾರುಗಳನ್ನು ಸಮವೆಂದು ಒಪ್ಪಲು ರೇಸಿನ ಅಧಿಕಾರಿಗಳು ಸಿದ್ಧರಿರಲಿಲ್ಲ. ಆರಂಭದ ಸಾಲಿನಲ್ಲಿ ಮೆಕ್‌ಲಾರೆನ್ ಮತ್ತು ಕ್ರಿಸ್ ಏಮನ್‌ರ ಕಾರು ಕೆಲವು ಮೀಟರ್ ಹಿಂದೆ ನಿಂತಿದ್ದರಿಂದ ಅದು ಅಷ್ಟು ಹೆಚ್ಚು ದೂರ ಕ್ರಮಿಸಿದೆ, ಆದ್ದರಿಂದ ಗೆಲುವು ಅವರದು ಎಂದರು. 360 ಸುತ್ತು, 4,843 ಕಿಲೋಮೀಟರ್ ಓಡಿದ ಮೇಲೆ ತೀರ್ಪು ನಿಂತದ್ದು ಕೆಲವು ಮೀಟರ್ ಮೇಲೆ.

ಆ ಫೋಟೋ ಇಂದಿಗೂ ಪ್ರಸಿದ್ಧ. ಮೂರು ಫೋರ್ಡ್‌ಗಳು ಹೆಗಲಿಗೆ ಹೆಗಲು ಕೊಟ್ಟು ಬರುತ್ತಿರುವಂತೆ ಕಾಣುವ ಆ ಚಿತ್ರದಲ್ಲಿ ಮೂರನೆಯದಾಗಿ ಕಾಣುವ ಕಾರು ವಾಸ್ತವದಲ್ಲಿ ಹನ್ನೆರಡು ಸುತ್ತು ಹಿಂದಿತ್ತು. ಅಂದರೆ ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಿಂದೆ! ಅಸಮವಾದುದನ್ನು ಸಮವೆಂದು ತೋರಿಸಿ, ಮುಂದಿದ್ದವನನ್ನು ಹಿಂದಕ್ಕೆ ತಳ್ಳಿದ ಫೋಟೋ ಅದು. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಗಾದೆ. ಇಲ್ಲಿ ಕೆಸರಾದ ಕೈ ಒಬ್ಬರದು, ಮೊಸರು ಕಂಪೆನಿಯ ಜಾಹೀರಾತು ವಿಭಾಗದ್ದು.

ಎರಡು ತಿಂಗಳ ನಂತರ, 1966ರ ಆಗಸ್ಟ್ 17ರಂದು, ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಮುಂದಿನ ವರ್ಷದ ಹೊಸ ಕಾರನ್ನು ಪರೀಕ್ಷಿಸುತ್ತಿದ್ದಾಗ ಮೈಲ್ಸ್ ಮೃತಪಟ್ಟರು. ವಿಮಾನಗಳಲ್ಲಿ ಬಳಸುವ, ಜೇನುಗೂಡಿನಂಥ ರಚನೆಯ ಅಲ್ಯುಮಿನಿಯಂ ಹಲಗೆಗಳನ್ನು ಅಂಟಿಸಿ ಮಾಡಿದ ಹಗುರ ಚಾಸಿ ಅದರದು. ಆ ವರ್ಷ ಈ ಕಾರುಗಳಲ್ಲಿ ಸತ್ತವರು ಅವರೊಬ್ಬರೇ ಅಲ್ಲ. ಮಾರ್ಚ್‌ನಲ್ಲಿ ಸೆಬ್ರಿಂಗ್‌ನಲ್ಲಿ ಕೆನಡಾದ ಬಾಬ್ ಮೆಕ್‌ಲೀನ್, ಏಪ್ರಿಲ್‌ನಲ್ಲಿ ಲೆ ಮಾನ್ಸ್‌ನ ಪರೀಕ್ಷಾ ಓಟದಲ್ಲಿ ಗಾಯಗೊಂಡು ವಾಲ್ಟ್ ಹ್ಯಾನ್ಸ್‌ಗೆನ್. ಐದು ತಿಂಗಳೊಳಗೆ ಮೂವರು. ಮೈಲ್ಸ್ ಸಾವಿನ ನಂತರ ಹೊಸ ಕಾರಿನ ಮೈಯನ್ನು ಬದಲಿಸಿ, ಒಳಗೆ ಚಾಲಕನ ಸುತ್ತ ಉಕ್ಕಿನ ಪಂಜರ ಕೂರಿಸಲಾಯಿತು. ಮಾರ್ಕ್ ಫೋರ್ ಎಂಬ ಆ ಕಾರು 1967ರಲ್ಲಿ ಡ್ಯಾನ್ ಗರ್ನಿ ಮತ್ತು ಎ.ಜೆ. ಫಾಯ್ಟ್ ಕೈಯಲ್ಲಿ ಲೆ ಮಾನ್ಸ್ ಗೆದ್ದಿತು. ಅದೇ ರಾತ್ರಿ ಅಂಥದ್ದೇ ಇನ್ನೊಂದು ಕಾರಿನ ಭೀಕರ ಅಪಘಾತದಲ್ಲಿ ಮಾರಿಯೋ ಆಂಡ್ರೆಟಿ ಬದುಕಿ ಉಳಿದರು. ಒಬ್ಬನ ಸಾವು ಇನ್ನೊಬ್ಬನ ಸುತ್ತ ಪಂಜರವಾಗಿ ನಿಂತಿತ್ತು.

ಚಿತ್ರ ಮಾಡಿದ್ದೇನು?

ಚಿತ್ರದ ಗುಣಗಳನ್ನು ಕಡೆಗಣಿಸುವುದು ನ್ಯಾಯವಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಬೆನ್ನ ಹಿಂದೆ ಇಂಜಿನ್ ಗುಡುಗುತ್ತಿರುವಾಗ ಚಾಲಕನೊಬ್ಬನ ಒಂಟಿತನ ಹೇಗಿರುತ್ತದೆಂಬುದನ್ನು ಅದು ಮೈ ಜುಮ್ಮೆನ್ನುವಂತೆ ಕಟ್ಟಿಕೊಡುತ್ತದೆ. ಬೇಲ್ ಅವರ ಮೈಲ್ಸ್ ಒರಟ, ಹಟಮಾರಿ, ಯಂತ್ರದ ದನಿ ಕೇಳಿಯೇ ಅದರ ರೋಗ ಹೇಳಬಲ್ಲ ಮೆಕ್ಯಾನಿಕ್. ಕೆಲಸ ಬಲ್ಲವನ ಮಾತು ಕೋಟು ತೊಟ್ಟವನ ಮುಂದೆ ನಡೆಯದ ನೋವನ್ನು ಯಾವ ಊರಿನ ದುಡಿಯುವ ಮನುಷ್ಯನೂ ತನ್ನದೆಂದೇ ಗುರುತಿಸಿಕೊಳ್ಳುತ್ತಾನೆ. ಚಿತ್ರ ಜನಪ್ರಿಯವಾದದ್ದು ಸುಮ್ಮನೆ ಅಲ್ಲ.

ನಮ್ಮ ತಕರಾರು ಬೇರೆ. ಎರಡೂವರೆ ಗಂಟೆಯ ಕಥೆಯಲ್ಲಿ ಎಲ್ಲರಿಗೂ ಜಾಗ ಕೊಡಲಾಗದು ಎಂಬುದು ನಿಜ. ಕಲಾವಿದನಿಗೆ ಕಥೆಯನ್ನು ಹದಗೊಳಿಸುವ ಸ್ವಾತಂತ್ರ್ಯ ಇದೆ. ರೇಸ್‌ಗಳಿಗೆ ಹೋಗುವುದನ್ನು ಬಿಟ್ಟಿದ್ದ ಎಂಝೋ ಫೆರಾರಿಯನ್ನು 1966ರ ಲೆ ಮಾನ್ಸ್‌ನಲ್ಲಿ ಕೂರಿಸಿ ಮೈಲ್ಸ್‌ಗೆ ಟೊಪ್ಪಿ ಎತ್ತಿ ವಂದಿಸುವಂತೆ ಮಾಡಿದ್ದನ್ನು ಬೇಕಾದರೆ ಕಲ್ಪನೆಯ ಸೊಗಸೆಂದು ಬಿಡೋಣ. ಆದರೆ ದುಡಿದವನಿಗೆ ಸಲ್ಲಬೇಕಾದ ಹೆಸರನ್ನು ಕಂಪೆನಿ ಕಸಿದುಕೊಂಡಿತು ಎಂದು ದೂರುವ ಚಿತ್ರ, ತಾನೇ ಬ್ರಾಡ್ಲಿಯ ಹೆಸರನ್ನು, ವೈಯರ್‌ರ ಹೆಸರನ್ನು, ರೂಬಿಯ ಪಾಲನ್ನು ಅಳಿಸಿದರೆ ಏನೆನ್ನಬೇಕು? ಲಿಯೋ ಬೀಬಿ ಮಾಡಿದ್ದು ಮೂರು ಕಾರುಗಳನ್ನು ಒಂದು ಚೌಕಟ್ಟಿಗೆ ಹೊಂದಿಸುವ ಕೆಲಸ. ಚಿತ್ರ ಮಾಡಿದ್ದೂ ಅದನ್ನೇ. ಬೀಬಿಯ ಚೌಕಟ್ಟಿನಲ್ಲಿ ಕಂಪೆನಿ ಗೆದ್ದಿತು, ಚಿತ್ರದ ಚೌಕಟ್ಟಿನಲ್ಲಿ ಇಬ್ಬರು ನಾಯಕರು ಗೆದ್ದರು.

ಇನ್ನೊಂದು ಮಾತು. ಬೀಬಿ ಆ ದಿನ ಕೊಟ್ಟ ಸೂಚನೆ ತಪ್ಪೇ. ಆ ತಪ್ಪಿಗೆ ಅವರೇ ಹೊಣೆ. ಆದರೆ ಚಿತ್ರ ಅವರಿಗೆ ಮಾಡದ ತಪ್ಪನ್ನೂ ಹೊರಿಸಿದೆ. 1965ರಲ್ಲಿ ಮೈಲ್ಸ್‌ರನ್ನು ತಡೆದ ಪ್ರಸಂಗ ನಡೆದೇ ಇಲ್ಲ. ಬೀಬಿ 2001ರಲ್ಲಿ ತೀರಿಕೊಂಡವರು, ಬಂದು ಉತ್ತರ ಕೊಡಲಾರರು. ಸತ್ತವರ ಬಗ್ಗೆ ಸಾಕ್ಷ್ಯ ನುಡಿಯುವಾಗ ಬದುಕಿರುವವರಿಗಿಂತ ಹೆಚ್ಚು ಎಚ್ಚರ ಬೇಕಲ್ಲವೇ? ಒಬ್ಬನನ್ನು ಖಳನನ್ನಾಗಿ ಮಾಡಿದರೆ ಇನ್ನೊಂದು ಅನುಕೂಲವೂ ಇದೆ. ಎಲ್ಲ ದೋಷವೂ ಆ ಒಬ್ಬ ಅಧಿಕಾರಿಯ ಕೆಟ್ಟ ಬುದ್ಧಿಗೆ ಸೇರಿ, ಗೆಲುವನ್ನು ಸರಕನ್ನಾಗಿ ನೋಡುವ ವ್ಯವಸ್ಥೆ ಪ್ರಶ್ನೆಯಿಂದ ಪಾರಾಗುತ್ತದೆ. ಬೀಬಿಯ ಕುರ್ಚಿಯಲ್ಲಿ ಬೇರೆ ಯಾರು ಕೂತಿದ್ದರೂ ಕಂಪೆನಿಗೆ ಬೇಕಾಗಿದ್ದುದು ಆ ಫೋಟೋವೇ.

ಚಿತ್ರ ಹೇಳದ ಕೊನೆ

ಚಿತ್ರ ಮೈಲ್ಸ್ ಸಾವಿನೊಂದಿಗೆ ಮುಗಿಯುತ್ತದೆ. ಕಾರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಮಟ್ಟಿಗೆ ಅದರ ಅತ್ಯಂತ ಸ್ವಾರಸ್ಯದ ಅಧ್ಯಾಯ ಮುಂದಿತ್ತು.

1968ರಿಂದ ಜಾರಿಗೆ ಬಂದ ಹೊಸ ನಿಯಮದಂತೆ ಏಳು ಲೀಟರಿನ ದೊಡ್ಡ ಇಂಜಿನ್‌ಗಳಿಗೆ ಅವಕಾಶವಿಲ್ಲವಾಯಿತು. ಫೋರ್ಡ್ ಕಂಪೆನಿ ತನಗೆ ಬೇಕಾದ ಗೆಲುವು ಸಿಕ್ಕಿತೆಂದು ಕೈತೊಳೆದುಕೊಂಡಿತು. ಸ್ಲೌನ ವರ್ಕ್‌ಶಾಪನ್ನು ಜಾನ್ ವೈಯರ್ ಮತ್ತು ಅವರ ಪಾಲುದಾರರು ವಹಿಸಿಕೊಂಡರು. ಗಲ್ಫ್ ತೈಲ ಕಂಪೆನಿ ಬೆಂಬಲಕ್ಕೆ ಬಂತು. ಐದು ಲೀಟರಿನೊಳಗಿನ ಇಂಜಿನ್ ಇರುವ, ನಿಗದಿತ ಸಂಖ್ಯೆಯಲ್ಲಿ ತಯಾರಾದ ಹಳೆಯ ಕಾರುಗಳು ಓಡಬಹುದೆಂದು ನಿಯಮ ಹೇಳುತ್ತಿತ್ತು. ಕಂಪೆನಿ ಹಿಂದೆ ಬಿಟ್ಟುಹೋದ ಮೂಲ ಜಿಟಿ40 ಅಂಥದ್ದೇ ಕಾರಾಗಿತ್ತು. ಹೊಸ ಪೋರ್ಷೆಗಳ ಎದುರು ಅದು ಮುದಿ ಕಾರು.

1968ರ ಮೇ ತಿಂಗಳಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದು ದೇಶವೇ ಸ್ತಬ್ಧವಾದುದರಿಂದ ಲೆ ಮಾನ್ಸ್ ರೇಸ್ ಜೂನ್‌ನಿಂದ ಸೆಪ್ಟೆಂಬರ್‌ಗೆ ಹೋಯಿತು. ತಿಳಿನೀಲಿ ಬಣ್ಣ, ನಡುವೆ ಕಿತ್ತಳೆ ಪಟ್ಟೆಯ 1075 ಎಂಬ ಚಾಸಿ ಸಂಖ್ಯೆಯ ಕಾರು ಪೆಡ್ರೋ ರೋಡ್ರಿಗ್ಸ್ ಮತ್ತು ಲೂಸಿಯನ್ ಬಿಯಾಂಕಿ ಕೈಯಲ್ಲಿ ಗೆದ್ದಿತು. ಮರುವರ್ಷ ಅದೇ ಕಾರು ಮತ್ತೆ ಬಂತು. ಆಗಿನ ಪದ್ಧತಿಯಂತೆ ಚಾಲಕರು ರಸ್ತೆಯ ಈಚೆಯಿಂದ ಓಡಿಬಂದು ಕಾರು ಹತ್ತಬೇಕು. ಅವಸರದಲ್ಲಿ ಸೀಟ್ ಬೆಲ್ಟ್ ಕಟ್ಟದೆಯೇ ಹೊರಡುವವರಿದ್ದರು. ಬೆಲ್ಜಿಯಂನ ಜಾಕಿ ಇಕ್ಸ್ ಅದನ್ನು ಪ್ರತಿಭಟಿಸಿ, ಎಲ್ಲರೂ ಓಡುತ್ತಿದ್ದಾಗ ತಾನು ನಿಧಾನವಾಗಿ ನಡೆದುಹೋಗಿ, ಬೆಲ್ಟ್ ಬಿಗಿದುಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಹೊರಟರು. ಅದೇ ರೇಸಿನ ಮೊದಲ ಸುತ್ತಿನಲ್ಲೇ ಜಾನ್ ವೂಲ್ಫ್ ಎಂಬ ಚಾಲಕ ತನ್ನ ಪೋರ್ಷೆ ಕಾರಿನ ಅಪಘಾತದಲ್ಲಿ ಸತ್ತರು. ಇಪ್ಪತ್ತನಾಲ್ಕು ಗಂಟೆಗಳ ನಂತರ ಇಕ್ಸ್ ಮತ್ತು ಜಾಕಿ ಆಲಿವರ್ ಅವರ ಹಳೆಯ ಕಾರು ಪೋರ್ಷೆಯನ್ನು ಸುಮಾರು 120 ಮೀಟರ್ ಅಂತರದಲ್ಲಿ ಹಿಂದಿಕ್ಕಿ ಗೆದ್ದಿತು. ಓಡಿಬಂದು ಹತ್ತುವ ಪದ್ಧತಿ ಅಲ್ಲಿಗೆ ಕೊನೆಗೊಂಡಿತು. ಮರುವರ್ಷ ಚಾಲಕರು ಬೆಲ್ಟ್ ಬಿಗಿದು ಕಾರಿನೊಳಗೇ ಕೂತು ಹೊರಟರು.

ಕಂಪೆನಿಯ ಕೋಟಿಗಳಿಂದ ಎರಡು ಗೆಲುವು, ಕಂಪೆನಿ ಕೈಬಿಟ್ಟ ಮೇಲೆ ಇನ್ನೆರಡು. ಲೆ ಮಾನ್ಸ್‌ನಲ್ಲಿ ಈ ವಂಶದ ಕಾರುಗಳ ಲೆಕ್ಕ ಇಷ್ಟು. 2016ರಲ್ಲಿ, ಸರಿಯಾಗಿ ಐವತ್ತು ವರ್ಷಗಳ ನಂತರ, ಫೋರ್ಡ್ ಹೊಸ ಜಿಟಿ ಕಾರಿನೊಂದಿಗೆ ಮತ್ತೆ ಲೆ ಮಾನ್ಸ್‌ಗೆ ಹೋಗಿ ತನ್ನ ವಿಭಾಗದಲ್ಲಿ ಗೆದ್ದಿತು. ಮೂರು ವರ್ಷಗಳ ಬಳಿಕ ಚಿತ್ರ ಬಂತು. ಇವೆರಡರಲ್ಲೂ ನೆನಪಿಸಿಕೊಂಡದ್ದು 1966ನ್ನು. ಬ್ರಾಮ್ಲಿಯ ವರ್ಕ್‌ಶಾಪಿನಿಂದ ಹೊರಟು ಸ್ಲೌನಲ್ಲಿ ಬೆಳೆದು, ಸ್ಲೌಗೇ ಮರಳಿ ಗೆದ್ದ ಆ ಇನ್ನೊಂದು ಕಥೆಗೆ ಇನ್ನೂ ತೆರೆ ಸಿಕ್ಕಿಲ್ಲ.

ಚಿತ್ರವನ್ನು ನೋಡಬೇಡಿ ಎಂದು ನಾವು ಹೇಳುವುದಿಲ್ಲ. ನೋಡಿ, ಮಕ್ಕಳಿಗೂ ತೋರಿಸಿ. ರೇಸಿನ ಕೊನೆಯಲ್ಲಿ ಮೂರು ಕಾರುಗಳು ಒಟ್ಟಾಗಿ ಗೆರೆ ದಾಟುವಾಗ, ಮೂರನೆಯದು ಹನ್ನೆರಡು ಸುತ್ತು ಹಿಂದಿತ್ತೆಂಬುದನ್ನು ಮಾತ್ರ ಅವರಿಗೆ ಹೇಳಿ. ಆ ಕಾರಿನ ಚಾಸಿ ಬೆಸೆದ ಕೊವೆಂಟ್ರಿಯ ಕೆಲಸಗಾರರ ಬಗ್ಗೆ, ಅದನ್ನು ಮೊದಲು ಕಾಗದದ ಮೇಲೆ ಬಿಡಿಸಿ ನಂತರ ಹೊರನಡೆದ ಎರಿಕ್ ಬ್ರಾಡ್ಲಿಯ ಬಗ್ಗೆಯೂ ಹೇಳಿ.